ಕಾರಿನ ಎ.ಸಿ. ತಂಪು ಕೊಡುತ್ತಿಲ್ಲವೆ? ಗ್ಯಾಸಿಗೆ ಮೊದಲು ಧೂಳು ನೋಡಿ

ಏಪ್ರಿಲ್, ಮೇ ತಿಂಗಳುಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಬಿಸಿಲು ಎಂಥದೆಂದು ಕಲಬುರಗಿ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಅಂಗಳದ ಪರ್ಸಿ ಕಲ್ಲು ರಾತ್ರಿ ಊಟದ ಹೊತ್ತಿಗೂ ಕಾಲಿಗೆ ಬೆಚ್ಚಗೆ ತಾಗುತ್ತದೆ. ಮದುವೆ, ಜಾತ್ರೆ, ಸಿ.ಇ.ಟಿ. ಪರೀಕ್ಷೆ, ಕಾಲೇಜು ಪ್ರವೇಶ ಎಂದು ಜನ ಊರೂರು ಓಡಾಡುವುದೂ ಇದೇ ದಿನಗಳಲ್ಲಿ.

ಹತ್ತು ಹದಿನೈದು ವರ್ಷದ ಹಳೆಯ ಕಾರಿರುವ ಮನೆಗಳಲ್ಲಿ ಆಗ ಕೇಳಿಬರುವ ದೂರು ಒಂದೇ: "ಎ.ಸಿ. ಹಾಕಿದರೂ ತಂಪೇ ಆಗವಲ್ದು." ಅದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಗ್ಯಾಸ್ ಮುಗದದರಿ, ತುಂಬಿಸಬೇಕು." ಗ್ಯಾಸ್ ತುಂಬಿಸುತ್ತಾರೆ, ದುಡ್ಡು ಕೊಡುತ್ತಾರೆ. ಕೆಲವು ದಿನ ಹಿತವಾದ ಗಾಳಿ ಬರುತ್ತದೆ. ಮುಂದಿನ ಬೇಸಿಗೆಗೆ, ಕೆಲವೊಮ್ಮೆ ಮುಂದಿನ ತಿಂಗಳಿಗೇ, ಮತ್ತೆ ಅದೇ ಕತೆ.

ಪೆಟ್ರೋಲ್ ಉರಿದು ಖರ್ಚಾಗುತ್ತದೆ. ಎ.ಸಿ.ಯ ಗ್ಯಾಸ್ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಕ್ಕಿಷ್ಟು ಅತಿ ಸ್ವಲ್ಪ ಪ್ರಮಾಣ ಜಿನುಗುವುದುಂಟು. ಆದರೆ ಒಂದೇ ಬೇಸಿಗೆಯಲ್ಲಿ ಅದು 'ಮುಗಿದರೆ' ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಮುಗಿದಿರದೆಯೂ ತಂಪು ಕಡಿಮೆಯಾಗಿದ್ದರೆ ತೊಂದರೆ ಬೇರೆ ಕಡೆ ಇದೆ. ಹತ್ತನೇ ತರಗತಿಯ ವಿಜ್ಞಾನ ಓದಿದ ವಿದ್ಯಾರ್ಥಿ ಸ್ವಲ್ಪ ತಾಳ್ಮೆಯಿಂದ ಗಮನಿಸಿದರೆ ಅದು ಎಲ್ಲಿದೆ ಎಂದು ಬಹುಮಟ್ಟಿಗೆ ಊಹಿಸಬಲ್ಲ.

ಬಿಸಿಯನ್ನು ಹೊತ್ತು ಹಾಕುವ ಯಂತ್ರ

ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಏಕೆ? ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುತ್ತದೆ. ಆವಿಯಾಗಲು ಅದಕ್ಕೆ ಉಷ್ಣ ಬೇಕು. ಆ ಉಷ್ಣವನ್ನು ಅದು ಗಡಿಗೆಯಿಂದಲೂ ಒಳಗಿನ ನೀರಿನಿಂದಲೂ ಪಡೆಯುತ್ತದೆ. ಇದನ್ನೇ ಪಠ್ಯಪುಸ್ತಕ ಗುಪ್ತೋಷ್ಣ ಎನ್ನುತ್ತದೆ. ಮನೆಯ ಕಿಟಕಿಯಲ್ಲಿ ಕೂರಿಸಿದ ಕೂಲರ್ ಮಾಡುವುದೂ ಇದನ್ನೇ.

ಕಾರಿನ ಎ.ಸಿ. ಕೂಡ ಗಡಿಗೆಯ ದೂರದ ಸಂಬಂಧಿ. ವ್ಯತ್ಯಾಸ ಎರಡು. ಇಲ್ಲಿ ಆವಿಯಾಗುವುದು ನೀರಲ್ಲ, ಶೀತಕ ಎಂಬ ದ್ರವ. ಮತ್ತು ಆವಿ ಗಾಳಿಗೆ ಹೋಗಿ ಕಳೆದುಹೋಗುವುದಿಲ್ಲ, ಅದನ್ನು ಹಿಡಿದು ಮತ್ತೆ ದ್ರವವಾಗಿಸಿ ಬಳಸಲಾಗುತ್ತದೆ. ಇಂದು ರಸ್ತೆಯಲ್ಲಿರುವ ಹಳೆಯ ಕಾರುಗಳಲ್ಲಿ ಹೆಚ್ಚಿನವುಗಳ ಶೀತಕ ಆರ್-134ಎ. ಸಾಮಾನ್ಯ ವಾಯು ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಒತ್ತಡವನ್ನು ವಾತಾವರಣದ ಸುಮಾರು 3 ಪಟ್ಟಿಗೆ ಏರಿಸಿದರೆ ಅದರ ಕುದಿಯುವ ಬಿಂದು 0 ಡಿಗ್ರಿ ಆಸುಪಾಸಿಗೆ ಬರುತ್ತದೆ. ಸುಮಾರು 17 ಪಟ್ಟಿಗೆ ಏರಿಸಿದರೆ 60 ಡಿಗ್ರಿಗೆ ಏರುತ್ತದೆ. ಒತ್ತಡ ಬದಲಾದರೆ ಕುದಿಯುವ ಬಿಂದು ಬದಲಾಗುತ್ತದೆ ಎಂಬ ಈ ಒಂದು ನಿಯಮದ ಮೇಲೆ ಇಡೀ ಯಂತ್ರ ನಿಂತಿದೆ.

ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ಶೀತಕ ಕುದಿದು ಕಾರಿನೊಳಗಿನ ಗಾಳಿಯ ಉಷ್ಣವನ್ನು ಹೀರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತುತ್ತದೆ. ಒತ್ತಡಕ್ಕೆ ಸಿಕ್ಕಿ ಕಾದ ಆವಿ ಕಾರಿನ ಮೂತಿಯಲ್ಲಿ, ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ಗೆ ಬರುತ್ತದೆ. ಅಲ್ಲಿ ಹೊರಗಾಳಿಗೆ ತನ್ನ ಬಿಸಿಯನ್ನು ಕೊಟ್ಟು ದ್ರವವಾಗುತ್ತದೆ. ಬಳಿಕ ತೇವ ಹೀರುವ ಡ್ರೈಯರ್ ದಾಟಿ, ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಕಿರಿದಾದ ಬಾಯಿಯ ಮೂಲಕ ನುಗ್ಗಿ ಮತ್ತೆ ಕೂಲಿಂಗ್ ಕಾಯಿಲ್ ಸೇರುತ್ತದೆ.

ಎ.ಸಿ. ತಂಪನ್ನು 'ತಯಾರಿಸುವುದಿಲ್ಲ' ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಹಮಾಲಿ. ತಂಪು ಕಡಿಮೆಯಾಯಿತೆಂದರೆ ಕೇಳಬೇಕಾದ ಪ್ರಶ್ನೆ "ಗ್ಯಾಸ್ ಇದೆಯೆ?" ಎಂದಲ್ಲ, "ಬಿಸಿ ದಾರಿಯಲ್ಲಿ ಎಲ್ಲಿ ನಿಂತಿದೆ?" ಎಂದು.

ಈ ಯಂತ್ರ ಕಾರಿಗೆ ಬಂದದ್ದು ಇತ್ತೀಚೆಗೇನಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲೇ ಎ.ಸಿ. ಇರುವ ಕಾರನ್ನು ಪ್ರದರ್ಶಿಸಿತ್ತು. ಅದರ ಕೂಲಿಂಗ್ ಕಾಯಿಲ್ ಡಿಕ್ಕಿಯ ಕಡೆ ಇತ್ತು. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ತಂಪು ಬೇಡವೆಂದಾದರೆ ಇಳಿದು, ಬಾನೆಟ್ ಎತ್ತಿ, ಬೆಲ್ಟನ್ನೇ ಬಿಚ್ಚಬೇಕಿತ್ತು! ಇಂದು ಗುಂಡಿ ಒತ್ತಿದರೆ 'ಟಕ್' ಎಂದು ಸದ್ದು ಮಾಡುವ ವಿದ್ಯುತ್ ಕ್ಲಚ್ ಆ ಕೆಲಸ ಮಾಡುತ್ತದೆ.

ಸುಣ್ಣದ ಕಲ್ಲಿನ ನಾಡು, ಧೂಳಿನ ಪರದೆ

ಈ ಐದೂ ಊರುಗಳ ಸುತ್ತಿನ ರಸ್ತೆಗಳಿಗೆ ತಮ್ಮದೇ ಆದ ಧೂಳಿದೆ. ಕಾಗಿಣಾ ನದಿಯ ಆಸುಪಾಸಿನ ನೆಲದಡಿಯಲ್ಲಿ ಸುಣ್ಣದ ಕಲ್ಲಿನ ಪದರಗಳಿವೆ. ಶಹಾಬಾದ್ ಕಲ್ಲು ಎಂದು ದೇಶದ ಅನೇಕ ಮನೆಗಳ ನೆಲಕ್ಕೆ ಹಾಸಿರುವುದು ಇದನ್ನೇ. ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾ ವಸ್ತುವೂ ಇದೇ. ಕಲ್ಲಿನ ಗಣಿ, ಪಾಲಿಶ್ ಮಾಡುವ ಘಟಕ, ಸಿಮೆಂಟ್ ಹೊತ್ತ ಲಾರಿಗಳ ಸಾಲು. ಜೊತೆಗೆ ತೊಗರಿ ಹೊಲಗಳ ಎರೆಮಣ್ಣು, ರಾಶಿ ಮಾಡುವಾಗ ಹಾರುವ ಹೊಟ್ಟು, ಚಿಂಚೋಳಿ ಕಡೆಯ ಕೆಮ್ಮಣ್ಣು. ಇವೆಲ್ಲ ಹೋಗಿ ಕೂರುವುದು ಕಾರಿನ ಮೂತಿಯಲ್ಲಿರುವ ಕಂಡೆನ್ಸರ್‌ನ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ.

ಉಷ್ಣ ಯಾವಾಗಲೂ ಹೆಚ್ಚು ಬಿಸಿಯ ಕಡೆಯಿಂದ ಕಡಿಮೆ ಬಿಸಿಯ ಕಡೆಗೆ ಹರಿಯುತ್ತದೆ. ಹೊರಗೆ 43 ಡಿಗ್ರಿ ಇದ್ದರೆ ಕಂಡೆನ್ಸರ್ ಒಳಗಿನ ಶೀತಕ ಅದಕ್ಕಿಂತ ಸಾಕಷ್ಟು ಬಿಸಿಯಾಗಿ, 55-60 ಡಿಗ್ರಿ ಇದ್ದರೆ ಮಾತ್ರ ತನ್ನ ಉಷ್ಣವನ್ನು ಬಿಟ್ಟುಕೊಡಬಲ್ಲದು. ರೆಕ್ಕೆಗಳ ನಡುವೆ ಧೂಳು ತುಂಬಿ ಗಾಳಿ ಹಾಯದಿದ್ದರೆ ಅದು 70 ಡಿಗ್ರಿಗೆ ಏರಬೇಕಾಗುತ್ತದೆ. ಅದಕ್ಕೆ ತಕ್ಕಂತೆ ಒತ್ತಡ ಏರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ, ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ, ತಂಪು ಇಳಿಯುತ್ತದೆ. ಮುಂಜಾನೆ ಸರಿಯಾಗಿರುವ ಎ.ಸಿ. ಮಧ್ಯಾಹ್ನ ಸೋಲುವುದರ ಗುಟ್ಟು ಬಹಳ ಸಲ ಇದೇ. ಗ್ಯಾಸ್ ಎಷ್ಟು ತುಂಬಿದರೂ ಇದು ವಾಸಿಯಾಗದು. ಹೆಚ್ಚು ತುಂಬಿದರೆ ಒತ್ತಡ ಇನ್ನೂ ಏರಿ ತಂಪು ಮತ್ತಷ್ಟು ಕಡಿಮೆಯಾಗುತ್ತದೆ.

ಕಂಡೆನ್ಸರ್ ತೊಳೆಯುವಲ್ಲಿ ರಸಾಯನಶಾಸ್ತ್ರದ ಎರಡು ಪಾಠಗಳಿವೆ. ಒಂದು, ಸಿಮೆಂಟ್ ಧೂಳು ನೀರು ಕಂಡರೆ ಗಟ್ಟಿಯಾಗುವ ವಸ್ತು. ಆದ್ದರಿಂದ ಮೊದಲು ಒಣ ಮೃದು ಬ್ರಷ್ಷಿನಿಂದ ಅಥವಾ ಹಗುರವಾದ ಗಾಳಿಯಿಂದ ಧೂಳು ಬಿಡಿಸಿ, ಆಮೇಲೆ ನೀರು ಹಾಯಿಸಬೇಕು. ಎರಡು, ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದರೆ ಅದು ನೊರೆಯೆದ್ದು ಕರಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಇದನ್ನು ಓದಿದ ಜಾಣರಿಗೆ ಬಚ್ಚಲು ತೊಳೆಯುವ ಆಸಿಡ್ ಹಾಕುವ ಯೋಚನೆ ಬರಬಹುದು. ಖಂಡಿತ ಕೂಡದು! ಆ ಆಮ್ಲ ಕಲ್ಲಿನ ಧೂಳಿನ ಜೊತೆಗೆ ಅಲ್ಯೂಮಿನಿಯಂ ರೆಕ್ಕೆಗಳನ್ನೂ ತಿನ್ನುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ, ಸಾಧ್ಯವಾದರೆ ಒಳಬದಿಯಿಂದ ಹೊರಕ್ಕೆ, ಕಡಿಮೆ ಒತ್ತಡದ ಸಾದಾ ನೀರು ಬಿಟ್ಟರೆ ಸಾಕು. ಸರ್ವಿಸ್ ಸ್ಟೇಷನ್ನಿನ ಜೋರು ಪಿಚಕಾರಿ ಹತ್ತಿರದಿಂದ ಹೊಡೆದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಕಾಯಂ ಆಗಿ ಮುಚ್ಚುತ್ತದೆ.

ಲಕ್ಷಣ ನೋಡಿ ರೋಗ ಗುರುತಿಸಿ

ವೈದ್ಯರು ಮೊದಲು ಲಕ್ಷಣಗಳನ್ನು ಕೇಳಿ ಆಮೇಲೆ ಔಷಧ ಬರೆಯುತ್ತಾರೆ. ಕಾರಿನ ವಿಷಯದಲ್ಲೂ ಅದೇ ಕ್ರಮ ಒಳ್ಳೆಯದು.

ಗಾಳಿ ತಣ್ಣಗಿದೆ, ಆದರೆ ಕಡಿಮೆ ಬರುತ್ತದೆ: ಶೀತಕದ ಕೆಲಸ ನಡೆಯುತ್ತಿದೆ, ಗಾಳಿಯ ದಾರಿ ಕಟ್ಟಿದೆ. ಕ್ಯಾಬಿನ್ ಫಿಲ್ಟರ್ ಇರುವ ಕಾರುಗಳಲ್ಲಿ ಮೊದಲು ಅದನ್ನು ತೆಗೆದು ನೋಡಬೇಕು. ಸಾಮಾನ್ಯವಾಗಿ ಅದು ಮುಂದಿನ ಎಡ ಸೀಟಿನೆದುರಿನ ಪೆಟ್ಟಿಗೆಯ ಹಿಂದಿರುತ್ತದೆ. ಈ ಭಾಗದಲ್ಲಿ ಒಂದೆರಡು ಬೇಸಿಗೆಗೇ ಅದು ಕಂಬಳಿಯಂತಾಗಿರುತ್ತದೆ. ಫಿಲ್ಟರ್ ಇಲ್ಲದ ಹಳೆಯ ಮಾದರಿಗಳಲ್ಲಿ ಧೂಳು ನೇರವಾಗಿ ಕೂಲಿಂಗ್ ಕಾಯಿಲ್ ಮೇಲೇ ಕೂರುತ್ತದೆ. ಅದನ್ನು ಮೆಕ್ಯಾನಿಕ್ ಶುಚಿ ಮಾಡಬೇಕು.

ಮೊದಲು ಚೆನ್ನಾಗಿದ್ದು, ಒಂದು ಗಂಟೆ ಓಡಿದ ಮೇಲೆ ಗಾಳಿಯೇ ನಿಲ್ಲುತ್ತದೆ, ಎ.ಸಿ. ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬರುತ್ತದೆ: ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ತಾಪ ತೀರಾ ಇಳಿದಾಗ ಕಂಪ್ರೆಸರ್ ನಿಲ್ಲಿಸಬೇಕಾದ ಥರ್ಮೋಸ್ಟಾಟ್ ಕೆಟ್ಟಿರಬಹುದು, ಇಲ್ಲವೆ ಗಾಳಿ ಸಾಲದಿರಬಹುದು.

ಓಡುವಾಗ ತಂಪು, ನಿಂತರೆ ಬಿಸಿ: ಬಹಳ ಸ್ಪಷ್ಟವಾದ ಲಕ್ಷಣವಿದು. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರ್ ಮೇಲೆ ಹಾಯುತ್ತದೆ. ರೈಲ್ವೆ ಗೇಟಿನಲ್ಲೋ ಸಂತೆಯ ಗದ್ದಲದಲ್ಲೋ ನಿಂತಾಗ ಆ ಕೆಲಸ ಫ್ಯಾನಿನದು. ಫ್ಯಾನ್ ತಿರುಗುತ್ತಿಲ್ಲ, ನಿಧಾನವಾಗಿದೆ, ಇಲ್ಲವೆ ಕಂಡೆನ್ಸರ್ ಕಟ್ಟಿದೆ ಎಂದರ್ಥ. ಎಂಜಿನ್ನೂ ಬಿಸಿಯಾಗುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ.

ಮುಂಜಾನೆ ಎಂಜಿನ್ ತಣ್ಣಗಿರುವಾಗ ಮಾತ್ರ ತಂಪು. ಎಂಜಿನ್ ಕಾದಂತೆ ಗಾಳಿಯೂ ಬೆಚ್ಚಗಾಗುತ್ತದೆ: ಇಲ್ಲಿ ಎ.ಸಿ. ನಿರಪರಾಧಿ ಇರಬಹುದು. ಚಳಿಗಾಲಕ್ಕೆಂದು ಇಟ್ಟ ಹೀಟರ್‌ನ ವಾಲ್ವ್ ಅಥವಾ ಒಳಗಿನ ಬಾಗಿಲು ಪೂರ್ತಿ ಮುಚ್ಚದೆ, ಕಾದ ನೀರಿನ ಬಿಸಿ ತಣ್ಣನೆ ಗಾಳಿಗೆ ಬೆರೆಯುತ್ತಿರುತ್ತದೆ. ಹಳೆಯ ಕಾರುಗಳಲ್ಲಿ ಎಳೆಯುವ ಕೇಬಲ್ ಸಡಿಲವಾದರೂ ಹೀಗಾಗುತ್ತದೆ.

ಗುಂಡಿ ಒತ್ತಿದರೂ 'ಟಕ್' ಸದ್ದಿಲ್ಲ: ಕಂಪ್ರೆಸರ್ ಕ್ಲಚ್ ಹಿಡಿಯುತ್ತಿಲ್ಲ. ಫ್ಯೂಸ್, ರಿಲೇ, ತಂತಿ ನೋಡಬೇಕು. ಶೀತಕ ತೀರಾ ಕಡಿಮೆಯಾದಾಗ ಕಂಪ್ರೆಸರನ್ನು ತಡೆಯುವ ಒತ್ತಡದ ಸ್ವಿಚ್ ಹಲವು ಕಾರುಗಳಲ್ಲಿ ಇರುತ್ತದೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಶೀತಕದ ಜೊತೆಯಲ್ಲೇ ಸುತ್ತುವುದರಿಂದ, ಶೀತಕವಿಲ್ಲದೆ ತಿರುಗಿದರೆ ಅದು ಸವೆದು ಹಾಳಾಗುತ್ತದೆ. ಆ ಸ್ವಿಚ್ಚಿಗೆ ತಂತಿ ಸುತ್ತಿ ನೇರ ಜೋಡಿಸುವುದು ಕಂಪ್ರೆಸರ್‌ಗೆ ಕೊಡಲಿಪೆಟ್ಟು.

ಕಿರುಗುಟ್ಟುವ ಸದ್ದು: ಬೆಲ್ಟ್ ಸಡಿಲವಾಗಿ ಜಾರುತ್ತಿದೆ, ಅಥವಾ ಸವೆದಿದೆ.

ಇನ್ನು ಕಾರಿನಡಿ ತೊಟ್ಟಿಕ್ಕುವ ಸ್ವಚ್ಛ ನೀರನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಗಾಳಿಯಲ್ಲಿನ ತೇವ ತಣ್ಣನೆ ಕಾಯಿಲ್ ಮೇಲೆ ಹನಿಗಟ್ಟಿದ್ದು. ಆ ನೀರು ಹೊರಗೆ ಬರದೆ ಕಾಲಡಿಯ ಚಾಪೆ ನೆನೆದರೆ ಮಾತ್ರ ನೀರು ಹೋಗುವ ಕೊಳವೆ ಕಟ್ಟಿದೆ ಎಂದು ತಿಳಿಯಬೇಕು.

ಅಡುಗೆ ಅನಿಲದ ಸಿಲಿಂಡರ್ ಕಲಿಸುವ ಪಾಠ

ಇಷ್ಟೆಲ್ಲ ನೋಡಿದ ಮೇಲೂ ತಂಪು ಬಾರದಿದ್ದರೆ ಗ್ಯಾಸಿನ ಸರದಿ. ಇಲ್ಲೂ ಒಂದು ತಪ್ಪು ಕಲ್ಪನೆ ಇದೆ. ಎಂಜಿನ್ ನಿಂತಿರುವಾಗ ಮೀಟರ್ ಹಚ್ಚಿ "ಒತ್ತಡ ಇದೆ, ಗ್ಯಾಸ್ ಸರಿಯಾಗಿದೆ" ಎನ್ನುವುದುಂಟು. ಅಡುಗೆ ಮನೆಯ ಸಿಲಿಂಡರನ್ನು ನೆನಪಿಸಿಕೊಳ್ಳಿ. ತುಂಬಿದ ದಿನವೂ ಮುಗಿಯಲು ಎರಡು ದಿನ ಉಳಿದಾಗಲೂ ಒಲೆಯ ಜ್ವಾಲೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಒಳಗೆ ದ್ರವ ಇರುವ ತನಕ ಒತ್ತಡವನ್ನು ನಿರ್ಧರಿಸುವುದು ಮುಖ್ಯವಾಗಿ ತಾಪಮಾನ, ಪ್ರಮಾಣವಲ್ಲ. ಅದಕ್ಕೇ ಸಿಲಿಂಡರನ್ನು ತೂಗಿ ಕೊಡುತ್ತಾರೆ. 40 ಡಿಗ್ರಿಯಲ್ಲಿ ಆರ್-134ಎ ಒತ್ತಡ ವಾತಾವರಣದ ಸುಮಾರು 10 ಪಟ್ಟು. ದ್ರವ ಪೂರ್ತಿ ಆವಿಯಾಗುವಷ್ಟು ಕಡಿಮೆಯಾಗುವ ತನಕ ಅದು ಅಷ್ಟೇ ತೋರಿಸುತ್ತದೆ.

ಎಂಜಿನ್ ಓಡುವಾಗ ಎರಡೂ ಬದಿಯ ಒತ್ತಡ ನೋಡಿದರೆ ಕತೆ ತಿಳಿಯುತ್ತದೆ. ಎರಡೂ ಕಡಿಮೆ ಇದ್ದರೆ ಶೀತಕ ಕಡಿಮೆ ಇರುವ ಸಂಭವ ಹೆಚ್ಚು. ಎರಡೂ ಹೆಚ್ಚಿದ್ದರೆ ಕಂಡೆನ್ಸರ್ ಕಟ್ಟಿದೆ, ಫ್ಯಾನ್ ಸೋತಿದೆ ಅಥವಾ ಗ್ಯಾಸ್ ಅತಿಯಾಗಿದೆ. ಕಡಿಮೆ ಇರಬೇಕಾದ ಕಡೆ ಹೆಚ್ಚಾಗಿ, ಹೆಚ್ಚಿರಬೇಕಾದ ಕಡೆ ಕಡಿಮೆಯಾಗಿದ್ದರೆ ಕಂಪ್ರೆಸರ್ ಸವೆದಿರಬಹುದು.

ಶೀತಕ ಕಡಿಮೆಯಾಗಿದ್ದರೆ ತಂದೆತಾಯಿಗಳು ಮೆಕ್ಯಾನಿಕ್‌ಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಸೋರಿಕೆ ಎಲ್ಲಿ ಎಂದು ಹುಡುಕಿದಿರಾ? (ಸೋರುವ ಜೋಡಣೆಯಲ್ಲಿ ಎಣ್ಣೆಯ ಕಲೆ, ಅದರ ಮೇಲೆ ಕೂತ ಧೂಳು ಒಳ್ಳೆಯ ಸುಳಿವು.) ರಿಪೇರಿ ಮಾಡಿದ ಮೇಲೆ ಡ್ರೈಯರ್ ಬದಲಿಸುವಿರಾ? ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯುವಿರಾ? ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟನ್ನೇ ತೂಗಿ ತುಂಬುವಿರಾ? ಸಣ್ಣ ಕಾರುಗಳಿಗೆ ಬೇಕಾಗುವುದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಐವತ್ತು, ನೂರು ಗ್ರಾಂ ಹೆಚ್ಚು ಕಡಿಮೆಯಾದರೂ ತಂಪಿನಲ್ಲಿ ವ್ಯತ್ಯಾಸ ಕಾಣುತ್ತದೆ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್, ತೂತು ಗಡಿಗೆಗೆ ಸುರಿದ ನೀರು.

ಆಕಾಶಕ್ಕೆ ಕಟ್ಟುವ ತೆರಿಗೆ

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಮಾಯವಾಗುವುದಂತೂ ಇಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-12 ಎಂಬುದು ಸಿ.ಎಫ್.ಸಿ. ಗುಂಪಿನ ಅನಿಲ. ಇಂಥವು ಮೇಲೇರಿ ಓಜೋನ್ ಪದರವನ್ನು ಕೆಡಿಸುತ್ತವೆ ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಚ್ಚರಿಸಿದರು. 1995ರಲ್ಲಿ ಪಾಲ್ ಕ್ರುಟ್ಜೆನ್ ಜೊತೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು.

ಆರ್-12 ಬದಲಿಗೆ ಬಂದ ಆರ್-134ಎ ಓಜೋನನ್ನು ಕೆಡಿಸುವುದಿಲ್ಲ. ಆದರೆ ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು, ಸಾವಿರ ಕಿಲೋಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಮಾಡುವಷ್ಟು. ಅದಕ್ಕೇ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು. 2021ರಲ್ಲಿ ಅದನ್ನು ಸ್ಥಿರೀಕರಿಸಿದ ಭಾರತ, 2047ರ ಹೊತ್ತಿಗೆ ಇಂಥ ಅನಿಲಗಳನ್ನು ಶೇಕಡಾ 85ರಷ್ಟು ಇಳಿಸಬೇಕಾಗಿದೆ. ವರ್ಷಕ್ಕೊಮ್ಮೆ ಅರ್ಧ ಕಿಲೋ ಗ್ಯಾಸನ್ನು ಸೋರಲು ಬಿಡುವ ಒಂದು ಹಳೆಯ ಕಾರು, ಮೊದಲೇ ಕಾದಿರುವ ಈ ನಾಡಿನ ಬೇಸಿಗೆಗೆ ತನ್ನ ಪಾಲನ್ನೂ ಸೇರಿಸುತ್ತದೆ.

ಕೈ ಹಾಕಬಾರದ ಕಡೆಗಳು

ಫಿಲ್ಟರ್ ಬದಲಿಸುವುದು, ಕಂಡೆನ್ಸರ್ ತೊಳೆಯುವುದು, ಫ್ಯಾನ್ ತಿರುಗುತ್ತಿದೆಯೇ ಎಂದು ದೂರದಿಂದ ನೋಡುವುದು ದೊಡ್ಡವರು ಮನೆಯಲ್ಲೇ ಮಾಡಬಹುದಾದ ಕೆಲಸ. ಗ್ಯಾಸಿನ ಪೈಪುಗಳನ್ನು ಮಾತ್ರ ಸಡಿಲಿಸಬಾರದು. ಒತ್ತಡದಿಂದ ಚಿಮ್ಮುವ ಶೀತಕ ತಾಗಿದ ಕಡೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದು ಬೆಂಕಿಗೆ ಸಿಕ್ಕರೆ ವಿಷಾನಿಲವಾಗುತ್ತದೆ. ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಲು ಶುರುವಾಗಬಹುದು. ಅಗ್ಗವೆಂದು ಅಡುಗೆ ಅನಿಲದಂಥ ಉರಿಯುವ ಅನಿಲ ತುಂಬಿಸುವುದಂತೂ ಕಾರಿನೊಳಗೆ ಬೆಂಕಿ ಇಟ್ಟುಕೊಂಡಂತೆ.

ತಂದೆತಾಯಿಗಳು ಮರೆಯಬಾರದ ಇನ್ನೊಂದು ಮಾತಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಳಗಿನ ತಾಪ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಏರಿತ್ತು. ಆ ಏರಿಕೆಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ಪ್ರಯೋಜನವಾಗಲಿಲ್ಲ. ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬೇಗ ಕಾಯುತ್ತದೆ. "ಎ.ಸಿ. ಹಾಕೇ ಹೋಗೀನಿ, ಐದು ನಿಮಿಷದಾಗ ಬರ್ತೀನಿ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವುದು ಬೇಡ. ಹಳೆಯ ಕಾರಿನ ಎ.ಸಿ. ಯಾವ ಗಳಿಗೆಯಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ಮಾಡಿ ನೋಡಿ

ಬೇಕಾದದ್ದು ಒಂದು ಡಿಜಿಟಲ್ ಥರ್ಮಾಮೀಟರ್ (ಜ್ವರ ನೋಡುವುದಲ್ಲ), ಒಂದು ನೋಟ್‌ಬುಕ್. ಬಿಸಿಲಲ್ಲಿ ನಿಂತ ಕಾರಿನ ಬಾಗಿಲುಗಳನ್ನು ತೆರೆದು ಒಳಗಿನ ಬಿಸಿಗಾಳಿ ಹೋಗಲು ಬಿಡಿ. ನಂತರ ದೊಡ್ಡವರು ಕಾರು ಓಡಿಸುತ್ತಿರುವಾಗ ಎ.ಸಿ. ಹಾಕಿ, ಒಳಗಾಳಿಯೇ ಮತ್ತೆ ಸುತ್ತುವ ಗುಂಡಿ ಒತ್ತಿ, ಗಾಜು ಏರಿಸಿ. ಹತ್ತು ನಿಮಿಷದ ನಂತರ ಕಾರಿನೊಳಗಿನ ಗಾಳಿಯ ತಾಪ, ಮಧ್ಯದ ಕಿಂಡಿಯಿಂದ ಬರುವ ಗಾಳಿಯ ತಾಪ, ಎರಡನ್ನೂ ಬರೆದುಕೊಳ್ಳಿ. ಕಿಂಡಿಯ ಗಾಳಿ ಸುಮಾರು 15ರಿಂದ 20 ಡಿಗ್ರಿ ಕಡಿಮೆ ಇದ್ದರೆ ಯಂತ್ರ ಆರೋಗ್ಯವಾಗಿದೆ. ಕಾರು ನಿಂತಾಗ ಒಮ್ಮೆ, ಕಂಡೆನ್ಸರ್ ತೊಳೆದ ಮೇಲೆ ಒಮ್ಮೆ, ಫಿಲ್ಟರ್ ಬದಲಿಸಿದ ಮೇಲೆ ಒಮ್ಮೆ ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಪ್ರಯೋಗದ ನಿಯಮ. ದೂರದ ಪ್ರಯಾಣದಲ್ಲಿ ನಡುನಡುವೆ ಕೆಲವು ನಿಮಿಷ ಹೊರಗಾಳಿಯನ್ನು ಒಳಗೆ ಬಿಟ್ಟುಕೊಳ್ಳಿ. ಮುಚ್ಚಿದ ಕಾರಿನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ತೂಕಡಿಕೆ ಬರಬಹುದು.

ಹೀಗೆ ಬರೆದಿಟ್ಟ ಒಂದು ಪುಟವನ್ನು ಮೆಕ್ಯಾನಿಕ್ ಮುಂದಿಟ್ಟರೆ ಮಾತು "ಗ್ಯಾಸ್ ತುಂಬಿಸೋಣ" ಎಂಬಲ್ಲಿಂದ ಶುರುವಾಗುವುದಿಲ್ಲ. "ಓಡುವಾಗ 18 ಡಿಗ್ರಿ ವ್ಯತ್ಯಾಸ, ನಿಂತಾಗ 7" ಎಂದು ಓದಿದ ಒಳ್ಳೆಯ ಮೆಕ್ಯಾನಿಕ್ ಮೊದಲು ನೋಡುವುದು ಫ್ಯಾನನ್ನೇ.